ಜ್ವರದ ಕಾರ್ಡು

ಒಂದೇ ಸಲ. ಅರ್ಜಿಯ ಕೊನೆಯ ಪುಟದಲ್ಲಿ, ಸಹಿ ಹಾಕುವ ಜಾಗಕ್ಕೆ ಸ್ವಲ್ಪ ಮೇಲೆ, ದಪ್ಪ ಅಕ್ಷರದಲ್ಲಿ ಹಾಗೆ ಬರೆದಿತ್ತು. ಈ ಫೆಲೋಶಿಪ್ಪಿಗೆ ಒಬ್ಬರು ಒಂದೇ ಸಲ ಅರ್ಜಿ ಹಾಕಬಹುದು. ಡ್ರೈವಿಂಗ್ ಲೈಸೆನ್ಸಿಗೆ ಎಷ್ಟು ಸಲ ಬೇಕಾದರೂ ಹೋಗಬಹುದು, ಪಿಯುಸಿ ಗಣಿತಕ್ಕೆ ಮತ್ತೆ ಮತ್ತೆ ಕೂರಬಹುದು, ನಮ್ಮ ಬೀದಿಯಲ್ಲಿ ಮದುವೆಗೂ ಎರಡನೇ ಅವಕಾಶ ಸಿಕ್ಕವರಿದ್ದಾರೆ. ಇದಕ್ಕೆ ಮಾತ್ರ ಇಲ್ಲ. ಆ ಸಾಲನ್ನು ಓದಿದ ದಿನದಿಂದ ನನಗೆ ಸರಿಯಾಗಿ ಊಟ ಸೇರಲಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಪಿಎಚ್‌ಡಿ ಮಾಡುವವರಿಗೆ ಐದು ವರ್ಷ ಸ್ಟೈಪೆಂಡ್ ಬರುತ್ತದೆ, ಆಮೇಲೆ ನಿಂತುಹೋಗುತ್ತದೆ. ಸಂಶೋಧನೆಯಲ್ಲೇ ಮುಂದುವರಿಯಬೇಕೆಂದರೆ ಪೋಸ್ಟ್‌ಡಾಕ್ ಅಂತ ಇನ್ನೊಂದು ಲ್ಯಾಬಿಗೆ ಸೇರಬೇಕು. ಆ ಲ್ಯಾಬಿನವರು ‘ನಿನ್ನ ಫೆಲೋಶಿಪ್ ನೀನೇ ತಂದರೆ ಬಾ’ ಅನ್ನುತ್ತಾರೆ. ಫೆಲೋಶಿಪ್ ಕೊಡುವವರು ‘ಲ್ಯಾಬ್ ಯಾವುದು ಹೇಳು’ ಅನ್ನುತ್ತಾರೆ. ಈ ಎರಡರ ಮಧ್ಯೆ ಬಿದ್ದವರನ್ನು ನಾನು ಕಣ್ಣಾರೆ ಕಂಡಿದ್ದೆ. ನನಗಿಂತ ಬುದ್ಧಿವಂತೆಯಾದ ನನ್ನ ಸೀನಿಯರ್ ಒಬ್ಬಳು ಈಗ ಕೋಚಿಂಗ್ ಸೆಂಟರಿನಲ್ಲಿ ಹನ್ನೊಂದನೇ ಕ್ಲಾಸಿಗೆ ಜೀವಶಾಸ್ತ್ರ ಹೇಳಿಕೊಡುತ್ತಾಳೆ. ನಾನು ಅರ್ಜಿ ಹಾಕಿದ್ದ ಫೆಲೋಶಿಪ್ ಈ ಹಳ್ಳಕ್ಕೆ ಅಡ್ಡ ಹಾಕಿದ ಹಲಗೆ ಇದ್ದ ಹಾಗೆ. ಪಿಎಚ್‌ಡಿ ಮುಗಿಯುತ್ತಿದ್ದಂತೆ ಕೈ ಹಿಡಿದು, ಇನ್ನೊಂದು ಲ್ಯಾಬಿನಲ್ಲಿ ಮೂರು ವರ್ಷ ನಿಲ್ಲಿಸುತ್ತದೆ. ಬೇರೆ ರಾಜ್ಯದ ಒಂದು ಶ್ವಾಸಕೋಶದ ಲ್ಯಾಬಿನವರು ಅದು ಸಿಕ್ಕರೆ ಸೇರಿಸಿಕೊಳ್ಳುತ್ತೇವೆ ಅಂದಿದ್ದರು. ಸಿಗದಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯಿತು.

ನಾನು ರಾಮನಗರದವಳು. ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಅಬ್ಬಾ, ಅಂದರೆ ನನ್ನ ಅಪ್ಪ, ಬೆಳಗಾದರೆ ಮಾರ್ಕೆಟ್ಟಿಗೆ ಹೋಗಿ ಹರಾಜಿನಲ್ಲಿ ಗೂಡು ಕೂಗಿ ತರುತ್ತಿದ್ದರು, ಹಿತ್ತಲಿನ ಶೆಡ್ಡಿನಲ್ಲಿ ಬಿಸಿನೀರಿನ ಬೇಸಿನ್‌ಗೆ ಹಾಕಿ ಎಳೆ ತೆಗೆಸುತ್ತಿದ್ದರು. ಆ ಹಬೆಯಲ್ಲಿ ಮೂವತ್ತು ವರ್ಷ ನಿಂತು ಅವರಿಗೊಂದು ಕೆಮ್ಮು ಅಂಟಿಕೊಂಡಿತು. ನಾನು ಶ್ವಾಸಕೋಶದ ಕಡೆ ತಿರುಗಿದ್ದು ಆ ಕೆಮ್ಮನ್ನು ಕೇಳಿ ಕೇಳಿಯೇ. ಆದರೆ ಒಂದು ಮಾತು ಇಲ್ಲಿಯೇ ಒಪ್ಪಿಕೊಳ್ಳಬೇಕು. ನಮ್ಮ ಮನೆಗೆ ಬರುತ್ತಿದ್ದದ್ದು ಗೂಡು, ಹುಳ ಅಲ್ಲ. ಜೀವಂತವಾಗಿ ಸೊಪ್ಪು ತಿನ್ನುತ್ತಾ ಹರಿದಾಡುವ ಹುಳವನ್ನು ನಾನು ಇಪ್ಪತ್ತೈದು ವರ್ಷ ಹತ್ತಿರದಿಂದ ನೋಡಿಯೇ ಇರಲಿಲ್ಲ. ನೋಡಿದ ಮೇಲೂ ಮುಟ್ಟಲಿಲ್ಲ. ಆ ಮೆತ್ತನೆಯ ತಣ್ಣನೆಯ ಮೈ ನೆನೆದರೆ ನನಗೆ ಮೈಯೆಲ್ಲಾ ಜುಮ್ಮೆನ್ನುತ್ತದೆ.

ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿ ಮಾತ್ರ ನಾನೇ ಹುಳದ ಪಂಡಿತೆ. ಗೈಡ್ ಉತ್ತರದ ಕಡೆಯವರು, ಜೊತೆಯವರು ಕೇರಳ, ಬಂಗಾಳ. ‘ನೀನು ಅಲ್ಲಿಯವಳೇ ಅಲ್ಲವಾ’ ಎಂದು ಎಲ್ಲರೂ ಅನ್ನುವರು. ನಾನೂ ಹೌದು ಹೌದು ಅಂತ ತಲೆಯಾಡಿಸಿದ್ದೆ.

ಥೀಸಿಸ್‌ನ ಕೆಲಸ ಲ್ಯಾಬಿನೊಳಗಿನದು: ಹುಳದ ಮೈಯಿಂದ ಉದುರುವ ಧೂಳು, ಹಿಕ್ಕೆ, ಇವನ್ನು ಶ್ವಾಸಕೋಶದ ಜೀವಕೋಶಗಳ ಮೇಲೆ ಹಾಕಿ ಏನಾಗುತ್ತದೆ ನೋಡುವುದು. ಅದರಲ್ಲಿ ತಕರಾರಿರಲಿಲ್ಲ. ಪೋಸ್ಟ್‌ಡಾಕ್‌ನಲ್ಲಿ ಹುಳ ಸಾಕುವ ಮನೆಗಳ ಜನರನ್ನೇ ನೋಡುತ್ತೇನೆ ಅಂತ ಅರ್ಜಿಯಲ್ಲಿ ಬರೆದಿದ್ದೆ. ಧೂಳು ಒಗ್ಗದವರಿಗೆ, ಕೆಲಸ ಮಾಡಿದ ಕೆಲವು ಗಂಟೆಗಳ ಮೇಲೆ ಕೆಮ್ಮು, ಏದುಸಿರು, ಜ್ವರ ಬಂದು ಮಾರನೆಯ ದಿನ ಇಳಿದುಹೋಗುತ್ತದೆ. ಜನ ಅದನ್ನು ಸುಸ್ತು ಅಂದುಕೊಳ್ಳುತ್ತಾರೆ, ಒಳಗೊಳಗೇ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತದೆ. ಇದಕ್ಕೆ ಪುರಾವೆ ಬೇಕಿತ್ತು. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಲ್ಲೂ ಸುತ್ತಿನ ಎರಡು ಹಳ್ಳಿಗಳಲ್ಲೂ ನಲವತ್ತು ಮನೆಗಳಿಗೆ ಒಂದೊಂದು ಕಾರ್ಡು ಕೊಟ್ಟೆ. ದಿನಕ್ಕೊಂದು ಸಾಲು, ಸಾಲಿಗೆ ಮೂರು ಚೌಕ: ಕೆಮ್ಮು, ಉಬ್ಬಸ, ಜ್ವರ. ಇದ್ದರೆ ಗುರುತು ಹಾಕಿ, ಇಲ್ಲದಿದ್ದರೆ ಖಾಲಿ ಬಿಡಿ. ಹುಳ ತಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ, ಅಂದರೆ ಒಂದು ಬೆಳೆ ಪೂರ್ತಿ.

ಕಾರ್ಡುಗಳು ವಾಪಸು ಬಂದವು. ಕಂಪ್ಯೂಟರಿಗೆ ಹಾಕಿ ಗ್ರಾಫ್ ತೆಗೆದಾಗ ನಾನು ಕುರ್ಚಿಯಿಂದ ಎದ್ದೇ ನಿಂತೆ. ಜ್ವರ ಅಲೆ ಅಲೆಯಾಗಿ ಬಂದಿತ್ತು. ಬೆಳೆಯ ನಡುವೆ ಒಂದು ಏರು, ನಾಲ್ಕೈದು ದಿನ ಬಿಟ್ಟು ಇನ್ನೊಂದು ಏರು. ಮೊಟ್ಟೆ ತಂದು ಮನೆಯಲ್ಲೇ ಮರಿ ಮಾಡಿಕೊಂಡವರ ಕಾರ್ಡಿನಲ್ಲಿ ನಾಲ್ಕು ಏರು, ಸಾಕಿದ ಮರಿ ಹುಳವನ್ನು ಹೊರಗಿನಿಂದ ತಂದವರಲ್ಲಿ ಎರಡೇ ಏರು. ಅಂದರೆ ಹುಳದ ಜೊತೆ ಹೆಚ್ಚು ದಿನ ಇದ್ದವರಿಗೆ ಹೆಚ್ಚು ಜ್ವರ! ಗೈಡ್ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ‘ಇಷ್ಟು ಚೊಕ್ಕ ಡೇಟಾ ನಾನು ನೋಡಿಲ್ಲ’ ಅಂದರು. ಅದೇ ಗ್ರಾಫನ್ನು ಅರ್ಜಿಯ ಮೊದಲ ಪುಟಕ್ಕೆ ಹಾಕಿದೆವು. ಇಂಟರ್‌ವ್ಯೂಗೆ ಕರೆ ಬಂತು.

ಇಂಟರ್‌ವ್ಯೂಗೆ ಹನ್ನೆರಡು ದಿನ ಇರುವಾಗ ಒಂದೆರಡು ಫೋಟೋ ಬೇಕೆಂದು ಅಕ್ಕೂರಿಗೆ ಹೋದೆ. ಮೊದಲ ಕಾರ್ಡು ಕೊಟ್ಟಿದ್ದ ಮನೆ. ಐವತ್ತರ ಆಸುಪಾಸಿನ ಹೆಂಗಸು, ಗಟ್ಟಿ ಗಂಟಲು, ಮನೆಗೆಲ್ಲಾ ಯಜಮಾನಿ. ಈಗಲೂ ಹಳೆಯ ಬಿದಿರಿನ ತಟ್ಟೆಗಳಲ್ಲೇ ಹುಳ ಸಾಕುತ್ತಿದ್ದರು. ನಾನು ಹುಳದ ಮನೆಯ ಬಾಗಿಲು ತಳ್ಳಿದ್ದೇ ಒಳಗಿನಿಂದ ಕೈ ಅಡ್ಡ ಬಂತು.

“ಒಸಿ ತಡಿಯವ್ವ. ಸದ್ದು ಮಾಡ್‌ಬ್ಯಾಡ. ಮೂರ್ನೇ ಜರ.”

“ಯಾರಿಗೆ? ನಿಮಗಾ? ಸೊಸೆಗಾ?”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಂಗ್ಯಾಕ್ ಬತ್ತದೆ? ಹುಳಕ್ಕೆ ಕಣವ್ವ. ಜರಕ್ಕೆ ಕುಂತವೆ, ಕಾಣಾಕಿಲ್ವಾ?”

ತಟ್ಟೆಯಲ್ಲಿ ಹುಳಗಳು ತಲೆ ಎತ್ತಿಕೊಂಡು ಅಲುಗಾಡದೆ ನಿಂತಿದ್ದವು. ಒಂದೂ ಸೊಪ್ಪು ತಿನ್ನುತ್ತಿರಲಿಲ್ಲ. ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಇದು ನನಗೆ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದೆ, ಇಂಗ್ಲಿಷ್ ಹೆಸರೂ ಬಾಯಿಪಾಠ. ಪೊರೆ ಬಿಡುವ ಆ ಒಂದು ದಿನದ ನಿದ್ದೆಗೆ ಇಲ್ಲಿನ ರೈತರು ಜ್ವರ ಅನ್ನುತ್ತಾರೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ಒಂದನೇ ಜ್ವರ, ಎರಡನೇ ಜ್ವರ, ಮೂರನೇ ಜ್ವರ, ನಾಲ್ಕನೇ ಜ್ವರ. ಹೊರಗಿನಿಂದ ತರುವ ಮರಿ ಎರಡು ಜ್ವರ ಮುಗಿಸಿಕೊಂಡೇ ಬರುತ್ತದೆ, ಆಮೇಲೆ ಮನೆಯಲ್ಲಿ ಆಗುವುದು ಎರಡೇ.

“ನಾನು ಕೊಟ್ಟ ಕಾರ್ಡಿನಲ್ಲಿ ಜ್ವರ ಅಂತ ಇತ್ತಲ್ಲ, ಅಲ್ಲಿ ಏನು ಬರೆದಿರಿ?” ಅಂತ ಕೇಳಿದೆ. ಕೇಳುವಾಗಲೇ ನನಗೆ ಉತ್ತರ ಗೊತ್ತಿತ್ತು.

“ಇನ್ನೇನ್ ಬರೀತಾರೆ? ಹುಳ ಜರಕ್ಕೆ ಕುಂತ ದಿನ ನನ್ ಸೊಸೆ ಗುರ್ತು ಹಾಕೌಳೆ. ರೇಸ್ಮೆ ಇಲಾಖೆಯೋರ ಕಾರ್ಡ್ನಾಗೂ ಹಂಗೇ ಬರೆಯಾದು. ನೀನು ಇಲಾಖೆಯೋಳಲ್ವಾ?”

ಅಯ್ಯೋ ದೇವರೇ! ಹೊರಗೆ ಬಂದು ಕಲ್ಲಿನ ಮೇಲೆ ಕೂತುಬಿಟ್ಟೆ. ನಾನು ಪುಟದ ತುಂಬ ಬಣ್ಣ ಹಾಕಿ ಬರೆದ ಗ್ರಾಫು, ಗೈಡ್ ಕನ್ನಡಕ ಒರೆಸಿಕೊಂಡು ನೋಡಿದ ಗ್ರಾಫು, ಹುಳ ಪೊರೆ ಬಿಟ್ಟ ದಿನಗಳ ಪಟ್ಟಿ. ಅದು ಚೊಕ್ಕವಾಗಿರದೆ ಇನ್ನೇನಾಗುತ್ತದೆ? ಹುಳ ಯಾವತ್ತಾದರೂ ದಿನ ತಪ್ಪಿಸುತ್ತದೆಯೇ?

ಸಂಜೆ ಬಸ್ಸಿನಲ್ಲಿ ಕೂತು ಗೈಡ್‌ಗೆ ಫೋನ್ ಮಾಡಿದೆ. ಅವರು ಮೆಲ್ಲಗೆ, “ಕೆಮ್ಮಿನ ಡೇಟಾ ಸರಿಯಿದೆಯಲ್ಲ? ಜ್ವರದ ಸ್ಲೈಡನ್ನು ಬೇಗ ದಾಟಿಸಿಬಿಡು. ಎಲ್ಲರ ಮೊದಲ ಡೇಟಾದಲ್ಲೂ ತೂತು ಇರುತ್ತದೆ. ನಿನಗಿರುವುದು ಒಂದೇ ಸಲ” ಅಂದರು. ಅವರು ಕೆಟ್ಟವರಲ್ಲ, ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದರು. ಆದರೂ ನನಗೆ ಉರಿದುಹೋಯಿತು. ಉರಿದದ್ದು ಅವರ ಮೇಲಲ್ಲ. ಅವರು ಹೇಳುವ ಮೊದಲೇ ನಾನೂ ಅದನ್ನೇ ಯೋಚಿಸಿಬಿಟ್ಟಿದ್ದೆ.

ಮನೆಗೆ ಬಂದು ಅಬ್ಬಾಗೆ ಹೇಳಿದೆ. ನಾವು ಮನೆಯಲ್ಲಿ ಆಡುವುದು ಉರ್ದು, ಜ್ವರಕ್ಕೆ ಬುಖಾರ್ ಅನ್ನುತ್ತೇವೆ. ಅಬ್ಬಾ ಮೊದಲು ನಕ್ಕರು. ನಗುತ್ತಾ ಕೆಮ್ಮಿದರು, ಕೆಮ್ಮುತ್ತಾ ಮತ್ತೆ ನಕ್ಕರು.

“ರೈತರು ಜರ ಅಂದರೆ ಅದು ಹುಳದ್ದೇ. ಮೂವತ್ತು ವರ್ಷದಿಂದ ಮಾರ್ಕೆಟ್ಟಿನಲ್ಲಿ ಕೇಳುತ್ತಿದ್ದೇನೆ. ‘ನಾಲ್ಕನೇ ಜರ ಚೆನ್ನಾಗಿ ಎದ್ದವೆ ಸಾಬ್ರೇ, ಗೂಡು ಗಟ್ಟಿ ಬತ್ತದೆ’ ಅಂತಾರೆ. ಅವರಿಗೇ ಬಂದರೆ ಜರ ಅನ್ನಲ್ಲ, ಮೈ ಬೆಚ್ಚಗಾಗೈತೆ ಅಂತಾರೆ.”

“ನಿಮಗೆ ಗೊತ್ತಿತ್ತಾ?” ಅಂತ ಕಿರುಚಿದೆ.

“ನೀನು ಕೇಳಿದ್ಯಾ?” ಅಂದರು ಅಬ್ಬಾ.

ಕೇಳಿರಲಿಲ್ಲ. ಐದು ವರ್ಷ ಜಗತ್ತಿನ ಮೂಲೆ ಮೂಲೆಯ ಲೇಖನ ಓದಿದ್ದೆ. ನಮ್ಮ ಹಿತ್ತಲಲ್ಲಿ ನಿಂತಿದ್ದ ಮನುಷ್ಯನನ್ನು ಒಂದು ಮಾತು ಕೇಳಿರಲಿಲ್ಲ. ಆ ನಾಚಿಕೆ ಈಗಲೂ ಹೋಗಿಲ್ಲ.

ಅಬ್ಬಾ ಹೇಳಿದ ಆ ಮಾತು, ಮೈ ಬೆಚ್ಚಗಾಗುವುದು, ಅದನ್ನು ಹಿಡಿದುಕೊಂಡು ಮಾರನೆಯ ದಿನವೇ ಹೊರಟೆ. ಗ್ರಾಫು ಹಾಳಾದರೆ ಹಾಳಾಗಲಿ, ನಿಜ ಎಷ್ಟಿದೆಯೋ ಅಷ್ಟನ್ನಾದರೂ ತರೋಣ ಅಂತ. ಹತ್ತು ದಿನದಲ್ಲಿ ನಲವತ್ತು ಮನೆ. ಹಳೆಯ ಕಾರ್ಡು ಮುಂದಿಟ್ಟುಕೊಂಡು, ಒಂದೊಂದು ಗುರುತನ್ನೂ ತೋರಿಸಿ, ಇದು ಯಾರದು ಎಂದು ಕೇಳುವುದು. ಹುಳದ್ದಾದರೆ ಕೆಂಪು ಗೆರೆ. ಸುದ್ದಿ ನನಗಿಂತ ಮುಂಚೆ ಬಸ್ ಹತ್ತಿ ಹೋಗಿತ್ತು. ಹಾಲಿನ ಡೈರಿಯ ಮುಂದೆ ಗಂಡಸರು ಕಾದಿದ್ದವರಂತೆ ಶುರುಮಾಡಿದರು.

“ಏನ್ ಡಾಕ್ಟ್ರಮ್ಮ, ನಮ್ ಹುಳದ ಜರಕ್ಕೆ ಮಾತ್ರೆ ತಂದ್ಯಾ?”

“ಸೂಜಿ ಹಾಕ್ತಾಳಂತೆ ಕಣ್ಲಾ, ಒಂದೊಂದಕ್ಕೂ!”

“ಥರ್ಮಾಮೀಟ್ರು ಎಲ್ಲಿಗಿಕ್ತಾಳೆ ಕೇಳ್ಲಾ!”

ನನಗೂ ನಗು ಬಂತು, ಸುಳ್ಳು ಹೇಳುವುದಿಲ್ಲ. ನಗುತ್ತಲೇ ಕೆಂಪು ಗೆರೆ ಎಳೆದೆ. ಮೂವತ್ತೊಂಬತ್ತು ಮನೆ ಮುಗಿಯುವಷ್ಟರಲ್ಲಿ ಜ್ವರದ ಕಾಲಂನಲ್ಲಿ ಏನೂ ಉಳಿದಿರಲಿಲ್ಲ. ಕೆಲವರು ಮೈ ಬೆಚ್ಚಗಾಗಿತ್ತು ಅಂದರು, ಯಾವತ್ತು ಅಂದರೆ ನೆನಪಿಲ್ಲ. ಅದು ಲೆಕ್ಕಕ್ಕೆ ಬರುವುದಿಲ್ಲ. ಕೆಮ್ಮಿನ ಗುರುತುಗಳು ಮನುಷ್ಯರವೇ, ಆದರೆ ಅದು ಬೀಡಿಯದೋ ಹುಳದ ಧೂಳಿನದೋ ಹೇಳಲು ಅವಷ್ಟೇ ಸಾಲವು.

ಮೊದಲ ಮನೆಯ ಹೆಂಗಸಿನ ಕಾರ್ಡನ್ನು ಕೊನೆಗೆ ಉಳಿಸಿಕೊಂಡಿದ್ದೆ. ಇಂಟರ್‌ವ್ಯೂಗೆ ಎರಡು ದಿನ ಇರುವಾಗ ಮಧ್ಯಾಹ್ನ ಅವರ ಜಗಲಿಯ ಮೇಲೆ ಕೂತು ನಾಲ್ಕು ಗುರುತಿಗೂ ಗೆರೆ ಎಳೆದೆ. ಕಾರ್ಡು ಮಡಿಚುವಾಗ ಅಂಚಿನಲ್ಲಿ ಕೆಂಪು ಕಲೆಗಳು ಕಂಡವು. ಇವನ್ನು ಮೊದಲೂ ನೋಡಿದ್ದೆ, ಕೊಳೆ ಅಂದುಕೊಂಡಿದ್ದೆ, ಕಂಪ್ಯೂಟರಿಗೆ ಹಾಕಿರಲಿಲ್ಲ.

“ಇದೇನು?”

“ಅದಾ? ಅದು ನಂದು. ಕುಂಕ್ಮದ ಬೊಟ್ಟು.” ಸೊಪ್ಪು ಕತ್ತರಿಸುತ್ತಿದ್ದ ಕೈ ನಿಲ್ಲಿಸದೆ ಹೇಳಿದರು. “ಸೊಸೆ ಹುಳದ್ದು ಬರ್ದಳು. ನಂಗೆ ಬರೆಯಾಕೆ ಬರಾಕಿಲ್ಲ. ನೀನು ಕಾರ್ಡು ಕೊಟ್ಟಾಗ ಹೇಳ್ಲಿಲ್ವಾ, ನಿಮಗೆ ಮೈಗೆ ಹುಸಾರಿಲ್ದಿದ್ರೆ ಗುರ್ತು ಹಾಕಿ ಅಂತ? ಮೈ ಬೆಚ್ಚಗಾದ ದಿನ ಒಂದೊಂದ್ ಬೊಟ್ಟು ಇಟ್ಟೆ.”

ಬೊಟ್ಟಿದ್ದ ದಿನಗಳನ್ನು ಒಂದೊಂದಾಗಿ ಕೇಳಿದೆ. ಅವತ್ತು ಏನು ಕೆಲಸ ಮಾಡಿದ್ದಿರಿ? ತಟ್ಟೆ ಕಸ ತೆಗೆದದ್ದು. ಈ ದಿನ? ತಟ್ಟೆ ಕಸ. ಇದು? ಅದೂ ಅದೇ. ಒಣಗಿದ ಸೊಪ್ಪು, ಹಿಕ್ಕೆ, ಬಿಟ್ಟ ಪೊರೆ, ಎಲ್ಲವನ್ನೂ ಕೈಯಲ್ಲಿ ಕೊಡವಿ ತೆಗೆಯುವ ಕೆಲಸ. ಅದು ಮಾಡಿದ ದಿನ ಸಂಜೆಗೆ ಮೈ ಬೆಚ್ಚಗಾಗುತ್ತದೆ, ಎದೆ ಬಿಗಿಯುತ್ತದೆ, ಬೆಳಗ್ಗೆ ಎದ್ದರೆ ಏನೂ ಇಲ್ಲ. ನಾನು ಐದು ವರ್ಷ ಹುಡುಕುತ್ತಿದ್ದದ್ದು ಇದೇ. ನಲವತ್ತು ಮನೆಯಲ್ಲಿ ನನ್ನ ಪ್ರಶ್ನೆಯನ್ನು ಸರಿಯಾಗಿ ಅರ್ಥಮಾಡಿಕೊಂಡವರು ಒಬ್ಬರೇ, ಅವರಿಗೆ ಓದಲು ಬರುತ್ತಿರಲಿಲ್ಲ.

ಖುಷಿಯೂ ಆಯಿತು, ಭಯವೂ ಆಯಿತು. “ಅಮ್ಮ, ನೀವು ಎದೆ ಪರೀಕ್ಷೆ ಮಾಡಿಸಲೇಬೇಕು. ಎಕ್ಸ್‌ರೇ ತೆಗೆಸೋಣ. ಆ ಕಸ ತೆಗೆಯುವ ಕೆಲಸ ನೀವು ಮಾಡಕೂಡದು” ಅಂದೆ.

“ಮಾಡಕೂಡ್ದು ಅಂದ್ರೆ ಹುಳ ತಾವೇ ಮಾಡ್ಕತ್ತವಾ?” ಅಂದರು. “ಈ ಬೆಳೆ ಆಗ್ಲಿ ತಡಿ. ಆಸ್ಪತ್ರೆ ದಾರಿ ನಂಗೆ ತಿಳೀದು, ನೀನೇ ಕರ್ಕೊಂಡ್ ಹೋಗು.”

“ಇಂಟರ್‌ವ್ಯೂ ಒಂದು ಮುಗಿಯಲಿ. ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.”

“ಏನದು ಇಂಟ್ರುವ್ಯೂ?”

ಹೇಳಿದೆ. ಪಿಎಚ್‌ಡಿ, ಪೋಸ್ಟ್‌ಡಾಕ್, ನಡುವೆ ಏನೂ ಬರದೆ ಕಾಯುವುದು. ಅವರು ಗಮನವಿಟ್ಟು ಕೇಳಿ, “ಹಂಗಾರೆ ನೀನೂ ಜರಕ್ಕೆ ಕುಂತಿದ್ದೀಯ ಅನ್ನು. ಸೊಪ್ಪಿಲ್ಲ, ಸದ್ದಿಲ್ಲ” ಅಂದು ನಕ್ಕರು. ನಗು ಕೆಮ್ಮಿನಲ್ಲಿ ಮುಗಿಯಿತು. ಹುಳಕ್ಕೆ ಒಂದು ದಿನ ಅಮ್ಮ, ನನಗೆ ಎಷ್ಟು ತಿಂಗಳೋ ಗೊತ್ತಿಲ್ಲ ಅಂತ ಗೊಣಗಿಕೊಂಡು, ಅವರ ಕೈಗೆ ಒಂದು ಹೊಸ ಕಾರ್ಡು ಕೊಟ್ಟು ಬಸ್ ಹತ್ತಿದೆ.

ಇಂಟರ್‌ವ್ಯೂ ಕೋಣೆಯಲ್ಲಿ ಐದು ಜನ ಕೂತಿದ್ದರು. ಮೊದಲ ಸ್ಲೈಡಿನಲ್ಲೇ ಆ ಗ್ರಾಫನ್ನು ಹಾಕಿ, ಅದರ ಮೇಲೆ ಅಡ್ಡಡ್ಡ ಕೆಂಪು ಗೆರೆ ಎಳೆದಿದ್ದೆ. “ಅರ್ಜಿಯಲ್ಲಿ ನೀವು ನೋಡಿದ ಈ ಜ್ವರ ಮನುಷ್ಯರದಲ್ಲ, ಹುಳದ್ದು” ಅಂದೆ. ಒಬ್ಬರು ಕೆಮ್ಮುವ ನೆಪದಲ್ಲಿ ನಕ್ಕರು. ಇನ್ನೊಬ್ಬರು ಪೆನ್ನು ಕೆಳಗಿಟ್ಟರು. ಇಡೀ ಕಥೆ ಹೇಳಿದೆ, ಜರ ಎಂಬ ಮಾತು, ಇಲಾಖೆಯ ಕಾರ್ಡು, ಅಬ್ಬಾ. ಕೊನೆಗೆ ಅಕ್ಕೂರಿನ ಆ ಕಾರ್ಡಿನ ಫೋಟೋ ಹಾಕಿದೆ.

ನಡುವೆ ಕೂತಿದ್ದ ಬಿಳಿಗೂದಲ ವೈದ್ಯೆ ಕೇಳಿದರು: “ನಲವತ್ತು ಮನೆಯಿಂದ ಈಗ ನಿನ್ನ ಕೈಯಲ್ಲಿರುವುದು ಒಬ್ಬ ಹೆಂಗಸು. ಅಷ್ಟೇ ತಾನೆ?”

“ಅಷ್ಟೇ.”

“ಒಬ್ಬ ಹೆಂಗಸನ್ನು ನಂಬಿ ಮೂರು ವರ್ಷ ಕೊಡಬೇಕಾ?”

ಸಿಟ್ಟು ಬಂದುಬಿಟ್ಟಿತು. ಎಲ್ಲಿ ಬರಬಾರದೋ ಅಲ್ಲೇ ಬರುತ್ತದೆ ನನ್ನ ಸಿಟ್ಟು. “ಉಳಿದ ಮೂವತ್ತೊಂಬತ್ತು ಮನೆಯವರಿಗೆ ನಾನು ಇನ್ನೂ ಸರಿಯಾಗಿ ಪ್ರಶ್ನೆಯನ್ನೇ ಕೇಳಿಲ್ಲ ಮೇಡಂ. ಅವರಿಗೆ ಏನೂ ಇಲ್ಲ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ” ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಏನನ್ನೋ ಬರೆದುಕೊಂಡು ಥ್ಯಾಂಕ್ಯೂ ಅಂದರು. ಹೊರಗೆ ಬಂದೆ. ಹೋಯಿತು, ಎಲ್ಲಾ ಹೋಯಿತು ಅಂತಲೇ ಅಂದುಕೊಂಡೆ.

ಮೂರು ತಿಂಗಳಲ್ಲಿ ಫಲಿತಾಂಶ ಅಂದಿದ್ದರು. ಮೂರು ಕಳೆಯಿತು, ನಾಲ್ಕು ಕಳೆಯಿತು. ಆ ನಡುವೆ ಥೀಸಿಸ್ ಕೊಟ್ಟೆ, ಸ್ಟೈಪೆಂಡ್ ನಿಂತಿತು, ಹಾಸ್ಟೆಲ್ ಬಿಟ್ಟು ರಾಮನಗರಕ್ಕೆ ಬಂದೆ. ಫೋನ್ ಮಾಡಿದಾಗಲೆಲ್ಲ ಆ ಕಚೇರಿಯ ಒಬ್ಬ ಮನುಷ್ಯ “ಪ್ರೋಸೆಸ್‌ನಲ್ಲಿದೆ ಮೇಡಂ” ಅನ್ನುತ್ತಿದ್ದ, ಅದೇ ರಾಗ, ಅದೇ ತಾಳ. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಔಷಧಿ ಕಾರ್ಖಾನೆಯಲ್ಲಿ ತಾತ್ಕಾಲಿಕ ಕೆಲಸಕ್ಕೆ ಸೇರಿದೆ. ಮಾತ್ರೆ ಎಷ್ಟು ನಿಮಿಷಕ್ಕೆ ನೀರಿನಲ್ಲಿ ಕರಗುತ್ತದೆ ಎಂದು ನೋಡಿ ಬರೆಯುವುದು. ಅದೂ ಯಾವ ಮಾತ್ರೆ ಅಂತೀರಿ? ಜ್ವರದ್ದು! ನಗಬೇಡಿ.

ಕೆಲಸ ಕೆಟ್ಟದ್ದಲ್ಲ. ಜನ ಒಳ್ಳೆಯವರು. ಆದರೆ ಪ್ರತಿ ಅರ್ಧ ಗಂಟೆಗೊಮ್ಮೆ ನಾನು ಬಾತ್‌ರೂಮಿಗೆ ಹೋಗಿ ಇಮೇಲ್ ನೋಡುತ್ತಿದ್ದೆ. ಇಂಟರ್‌ವ್ಯೂ ಆದ ಎಂಟನೇ ತಿಂಗಳಿಗೆ ಮ್ಯಾನೇಜರ್ ಕರೆದು, ಪರ್ಮನೆಂಟ್ ಮಾಡುತ್ತೇವೆ, ಶನಿವಾರದೊಳಗೆ ಸಹಿ ಹಾಕಿ ಕೊಡಿ ಅಂದರು. ಫೆಲೋಶಿಪ್ಪಿನ ಇನ್ನೊಂದು ನಿಯಮ ಹೀಗಿತ್ತು: ಅಭ್ಯರ್ಥಿ ಬೇರೆ ಕಡೆ ಕಾಯಂ ಕೆಲಸ ಒಪ್ಪಿಕೊಂಡರೆ ಅರ್ಜಿ ರದ್ದು. ಅಮ್ಮಿ ಸಹಿ ಹಾಕು ಅಂದರು, ಅತ್ತು ಅಂದರು, ಸಿಟ್ಟಾಗಿ ಅಂದರು. ಅಬ್ಬಾ ಕೆಮ್ಮಿದರು ಅಷ್ಟೆ. ಶನಿವಾರ ಸಂಜೆ ನಾನು ಆ ಪತ್ರವನ್ನು ಸಹಿ ಇಲ್ಲದೆ ಮೇಜಿನ ಮೇಲಿಟ್ಟು ಬಂದುಬಿಟ್ಟೆ. ಧೈರ್ಯದಿಂದಲ್ಲ. ಬರೀ ಹಟದಿಂದ. ಬಸ್ಸಿನಲ್ಲಿ ಕನಕಪುರ ಬರುವ ಹೊತ್ತಿಗೇ ನನ್ನ ತಲೆ ನಾನೇ ಚಚ್ಚಿಕೊಳ್ಳುವಷ್ಟು ಪಶ್ಚಾತ್ತಾಪ.

ಆಮೇಲಿನ ಹನ್ನೆರಡು ದಿನ ನಾನು ಮನೆಯವರ ಮುಖ ನೋಡಿ ಮಾತಾಡಲಿಲ್ಲ. ಹದಿಮೂರನೆಯ ದಿನ ಬೆಳಗ್ಗೆ ಅಬ್ಬಾ ಮಾರ್ಕೆಟ್ಟಿಗೆ ಹೊರಡುವಾಗ ಇಮೇಲ್ ಬಂತು. ಆಯ್ಕೆಯಾಗಿದೆ. ಮೂರು ವರ್ಷ. ಅಡಿಯಲ್ಲಿ ಸಮಿತಿಯ ಒಂದೇ ಸಾಲು: ಉಳಿದ ಮೂವತ್ತೊಂಬತ್ತು ಮನೆಗಳನ್ನೂ ಕೇಳತಕ್ಕದ್ದು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಗೋಳೋ ಎಂದು ಅತ್ತೆ. ಅಮ್ಮಿ ಗಾಬರಿಯಾಗಿ ಯಾರೋ ಸತ್ತರು ಅಂದುಕೊಂಡರು.

ಅಕ್ಕೂರಿನ ಅವರಿಗೆ ಹೇಳಬೇಕು ಅನಿಸಿತು. ಬಸ್‌ಸ್ಟ್ಯಾಂಡಿನ ಬೇಕರಿಯಲ್ಲಿ ಮೈಸೂರುಪಾಕು ಕಟ್ಟಿಸಿಕೊಂಡು ಅವತ್ತೇ ಹೊರಟೆ. ದಾರಿಯುದ್ದಕ್ಕೂ ಹೇಗೆ ಹೇಳಲಿ, ಏನನ್ನಬಹುದು ಅಂತ ಒಬ್ಬಳೇ ನಗುತ್ತಿದ್ದೆ. ಅವರ ಮನೆಯ ತಿರುವಿನಲ್ಲಿ ಇಳಿದು ನಡೆಯುವಾಗ, ಆಗ, ಅಷ್ಟು ತಡವಾಗಿ, ನನಗೆ ನೆನಪಾಯಿತು. ಇಂಟರ್‌ವ್ಯೂ ಮುಗಿಯಲಿ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಅಂದಿದ್ದೆ. ಎಂಟು ತಿಂಗಳಾಗಿತ್ತು. ನಾನು ದಿನಕ್ಕೆ ಹದಿನಾರು ಸಲ ಇಮೇಲ್ ನೋಡಿದ್ದೆ. ಅವರನ್ನು ಒಂದು ಸಲವೂ ನೋಡಿರಲಿಲ್ಲ.

ಅವರು ಹುಳದ ಮನೆಯ ಹೊಸ್ತಿಲಲ್ಲಿ ಗೋಡೆಗೆ ಒರಗಿ ಕೂತಿದ್ದರು. ಸೊರಗಿದ್ದರು. ಎದ್ದು ಬರಲು ಹೋಗಿ ಮತ್ತೆ ಕೂತರು. ಅವರ ತಲೆಯ ಮೇಲೆ ಮೊಳೆಗೆ ನನ್ನ ಕಾರ್ಡು ತೂಗುತ್ತಿತ್ತು, ಕಳೆದ ಸಲ ಬಂದಾಗ ಕೊಟ್ಟುಹೋಗಿದ್ದ ಹೊಸ ಕಾರ್ಡು. ಒಂದು ಬೆಳೆಗೆ ಆಗುವಷ್ಟೇ ಸಾಲು ಅದರಲ್ಲಿದ್ದದ್ದು. ಸಾಲು ಮುಗಿದ ಮೇಲೆ ಬೊಟ್ಟು ಅಂಚಿಗೆ ಹೋಗಿತ್ತು, ಅಂಚು ತುಂಬಿದ ಮೇಲೆ ಹಿಂಬದಿಗೆ, ಅದೂ ತುಂಬಿ ಸುಣ್ಣದ ಗೋಡೆಗೆ ಇಳಿದಿತ್ತು. ಮೊದಮೊದಲು ಬಿಡಿ ಬಿಡಿಯಾಗಿ, ಆಮೇಲೆ ಒಂದಕ್ಕೊಂದು ತಾಗಿಕೊಂಡು.

“ಇನ್ನೂ ಯಾಕೆ ಇಡುತ್ತಿದ್ದೀರಿ?” ಅಂದೆ.

“ನೀನು ನಿಲ್ಸು ಅನ್ಲಿಲ್ವಲ್ಲ,” ಅಂದರು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು. “ಬತ್ತೀನಿ ಅಂದಿದ್ದೆ. ಬಂದಾಗ ತೋರ್ಸಾನ ಅಂತ. ಸಿಕ್ತಾ ನಿಂದು?”

“ಸಿಕ್ತು.”

“ಎಷ್ಟ್ ವರ್ಸಕ್ಕೆ?”

“ಮೂರು.”

ಅವರ ಮುಖ ಅರಳಿತು. “ಹಂಗಾರೆ ಕಾರ್ಡು ತಂದಿದ್ದೀಯಾ? ಇದ್ರಾಗೆ ಜಾಗ್ವೇ ಇಲ್ಲ ನೋಡು.”

ನನ್ನ ಚೀಲದಲ್ಲಿ ಮೈಸೂರುಪಾಕಿನ ಡಬ್ಬಿ ಇತ್ತು. ಕಾರ್ಡು ತಂದಿರಲಿಲ್ಲ.

“ಕಾರ್ಡು ಬೇಡ. ಚಪ್ಪಲಿ ಮೆಟ್ಟಿಕೊಳ್ಳಿ, ಈಗಲೇ ಆಸ್ಪತ್ರೆಗೆ ಹೋಗೋಣ. ಆಟೋ ಕರೀತೀನಿ” ಅಂದೆ.

“ಹುಳ ಹಣ್ಣಾಗವೆ ಕಣವ್ವ. ಇವತ್ತು ಚಂದ್ರಿಕೆಗೆ ಬುಡ್ಲಿಲ್ಲ ಅಂದ್ರೆ ತಟ್ಟೇಲೇ ಗೂಡ್ ಕಟ್ಬುಡ್ತವೆ. ಸೊಸೆ ತೌರಿಗ್ ಹೋಗೌಳೆ. ನಾಳಿಕ್ಕೆ ಬತ್ತೀನಿ.” ಗೋಡೆ ಹಿಡಿದು ಏಳಲು ನೋಡಿದರು.

ನಾಳೆ ಅನ್ನುವ ಮಾತೇ ಬೇಡ ಅಂದೆ. ಅವರ ಭುಜ ಹಿಡಿದು ಕೂರಿಸಿದೆ. ಗೂಡು ಕಟ್ಟುವಷ್ಟು ಬಲಿತು ಹಣ್ಣಾದ ಹುಳವನ್ನು ಆರಿಸಿ, ಗೂಡಿಗಾಗಿಯೇ ಹೆಣೆದ ಬಿದಿರಿನ ಚಂದ್ರಿಕೆಯ ಮೇಲೆ ಬಿಡುವುದು ಹೇಗೆ ಎಂದು ಅಲ್ಲಿಂದಲೇ ಹೇಳಿ ಅಂದೆ. “ನೀನಾ? ಮುಟ್ಟಾಕೆ ಅಸಯ್ಯ ಪಡ್ತಿದ್ಯಲ್ಲೇ!” ಅಂತ ಅವರು ನಗಲು ಹೋಗಿ ಕೆಮ್ಮಿದರು. ಹೊಸ್ತಿಲಿನ ಹೊರಗೆ, ಗಾಳಿಯಾಡುವ ಕಡೆ ಅವರನ್ನು ಸರಿಸಿ ಕೂರಿಸಿ, ನಾನು ದುಪಟ್ಟಾವನ್ನು ಮೂಗಿಗೆ ಬಿಗಿಯಾಗಿ ಕಟ್ಟಿಕೊಂಡು ಒಳಗೆ ಹೋಗಿ ಮೊದಲ ಹುಳವನ್ನು ಎತ್ತಿಕೊಂಡೆ.